ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯ ಆಯ್ಕೆ: ವೈರಸ್ ಭದ್ರತೆ, ವಿಶ್ವಾಸಾರ್ಹತೆ ಮತ್ತು ವೆಚ್ಚ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅಂದು ಯಾವ ಗಣಕಯಂತ್ರವೂ ಕೆಟ್ಟು ನಿಲ್ಲಲಿಲ್ಲ. ಮರುದಿನ ಅಂಗಡಿಯ ಬಾಗಿಲು ತೆರೆದಾಗ ಬಿಲ್ಲುಗಳು ಎಂದಿನಂತೆಯೇ ಮುದ್ರಣಗೊಂಡವು. ಆದುದರಿಂದಲೇ ನಮ್ಮ ಅನೇಕ ವರ್ತಕ ಬಾಂಧವರಿಗೆ ಈ ದಿನಾಂಕವು ಬಂದುಹೋದದ್ದು ಗಮನಕ್ಕೆ ಬಾರಲಿಲ್ಲ. ಗಮನಕ್ಕೆ ಬಂದವರು ಕೇಳುತ್ತಿರುವ ಪ್ರಶ್ನೆಗಳು ಮೂರು. ಹಳೆಯ ಗಣಕವನ್ನು ಮಾರಿ ವಿಂಡೋಸ್ 11 ಇರುವ ಹೊಸದನ್ನು ಕೊಳ್ಳಬೇಕೇ? ಲಿನಕ್ಸ್ ಉಚಿತವಾಗಿ ದೊರೆಯುತ್ತದೆ, ಅದಕ್ಕೆ ವೈರಸ್ ತಗಲುವುದಿಲ್ಲ ಎನ್ನುತ್ತಾರೆ, ಅದು ನಿಜವೇ? ಈಗಿರುವುದನ್ನೇ ಇನ್ನೆರಡು ವರ್ಷ ನಡೆಸಿದರೆ ಆಗುವ ನಷ್ಟವೇನು?

ಈ ಲೇಖಕನು ಗಣಕ ತಜ್ಞನಲ್ಲ, ಲೆಕ್ಕಪರಿಶೋಧಕ. ಆದ್ದರಿಂದ ಈ ಪ್ರಶ್ನೆಗಳನ್ನು ಲೆಕ್ಕದ ಪುಸ್ತಕದ ಕಡೆಯಿಂದಲೇ ನೋಡಬಯಸುತ್ತೇನೆ. ವ್ಯಾಪಾರಿಗೆ ಗಣಕಯಂತ್ರದಲ್ಲಿ ಬೆಲೆಬಾಳುವ ವಸ್ತು ಯಂತ್ರವಲ್ಲ, ಅದರೊಳಗಿನ ಕಿರ್ದಿ ಮತ್ತು ಖಾತೆ. ಯಂತ್ರ ಹೋದರೆ ಮೂವತ್ತು ನಲವತ್ತು ಸಾವಿರಕ್ಕೆ ಇನ್ನೊಂದು ಬರುತ್ತದೆ. ಉದ್ರಿ ಬಾಕಿಯ ಪಟ್ಟಿ ಹೋದರೆ ಅದು ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ.

ಆಪರೇಟಿಂಗ್ ಸಿಸ್ಟಂ ಎಂದು ಕರೆಯಲಾಗುವ ಕಾರ್ಯಾಚರಣ ವ್ಯವಸ್ಥೆಯು ಮಂಡಿಯ ಹಿರಿಯ ಗುಮಾಸ್ತನಿದ್ದಂತೆ. ಯಾರನ್ನು ಒಳಗೆ ಬಿಡಬೇಕು, ಯಾರ ಕೈಗೆ ತಿಜೋರಿಯ ಕೀಲಿಕೈ ಕೊಡಬೇಕು, ಯಾವ ಪುಸ್ತಕವನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬುದನ್ನೆಲ್ಲ ಅದೇ ನಿರ್ಧರಿಸುತ್ತದೆ. ಟ್ಯಾಲಿಯಾಗಲಿ, ಎಕ್ಸೆಲ್ ಆಗಲಿ, ಅಂತರಜಾಲ ವೀಕ್ಷಕವಾಗಲಿ, ಪ್ರತಿಯೊಂದು ತಂತ್ರಾಂಶವೂ ಅದರ ಅನುಮತಿ ಪಡೆದೇ ಕಡತಗಳನ್ನು ಮುಟ್ಟಬೇಕು. ನಮ್ಮಲ್ಲಿ ಬಳಕೆಯಲ್ಲಿರುವ ವ್ಯವಸ್ಥೆಗಳು ಮುಖ್ಯವಾಗಿ ವಿಂಡೋಸ್, ಲಿನಕ್ಸ್ ಮತ್ತು ಆಪಲ್ ಸಂಸ್ಥೆಯ ಮ್ಯಾಕ್. ಗೂಗಲ್‌ನ ಕ್ರೋಮ್ ಓಎಸ್ ಅಲ್ಲಲ್ಲಿ ಕಾಣಸಿಗುತ್ತದೆ.

ವೈರಸ್ಸಿನ ಭಯ ಯಾವುದಕ್ಕೆ ಹೆಚ್ಚು?

ವೈರಸ್ಸುಗಳ ಬಹುಪಾಲು ವಿಂಡೋಸ್‌ಗಾಗಿಯೇ ಬರೆಯಲ್ಪಟ್ಟಿವೆ ಎಂಬುದರಲ್ಲಿ ಸಂಶಯವಿಲ್ಲ. ಕಚೇರಿಗಳಲ್ಲಿ ಹೆಚ್ಚಾಗಿ ಇರುವುದು ವಿಂಡೋಸ್, ಕಳ್ಳನು ಹೆಚ್ಚು ಮನೆಗಳಿರುವ ಬೀದಿಗೇ ಹೋಗುತ್ತಾನೆ. ಇನ್ನೊಂದು ಕಾರಣವೂ ಉಂಟು. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಗಣಕದ ಮುಂದೆ ಕುಳಿತವರೆಲ್ಲರೂ ಮೇಲ್ವಿಚಾರಕನ ಪೂರ್ಣ ಅಧಿಕಾರದೊಂದಿಗೇ ಕೆಲಸ ಮಾಡುವುದು ರೂಢಿಯಾಗಿತ್ತು. ಲಿನಕ್ಸ್ ಮತ್ತು ಮ್ಯಾಕ್‌ಗಳು ಯೂನಿಕ್ಸ್ ಪರಂಪರೆಗೆ ಸೇರಿದವು. ಅಲ್ಲಿ ದಿನನಿತ್ಯದ ಬಳಕೆದಾರ ಬೇರೆ, ಯಂತ್ರದ ಒಡೆಯ ಬೇರೆ. ಜೊತೆಗೆ ಲಿನಕ್ಸ್‌ನಲ್ಲಿ ತಂತ್ರಾಂಶಗಳನ್ನು ಸಾಮಾನ್ಯವಾಗಿ ಆಯಾ ವಿತರಣೆಯವರು ಪರಿಶೀಲಿಸಿ ಸಹಿ ಮಾಡಿಟ್ಟ ಭಂಡಾರದಿಂದ ಪಡೆಯಲಾಗುತ್ತದೆ, ಸಿಕ್ಕಸಿಕ್ಕ ತಾಣಗಳಿಂದ ಇಳಿಸಿಕೊಳ್ಳುವ ಅಗತ್ಯ ಕಡಿಮೆ.

ಆದರೆ ಇಂದಿನ ವೈರಸ್ ಇಪ್ಪತ್ತು ವರ್ಷದ ಹಿಂದಿನ ವೈರಸ್ ಅಲ್ಲ. ಅಂದಿನದು ಯಂತ್ರವನ್ನು ಕೆಡಿಸುತ್ತಿತ್ತು. ಇಂದಿನದು ಯಂತ್ರವನ್ನು ಹಾಗೆಯೇ ಬಿಟ್ಟು, ಕಡತಗಳನ್ನು ಬಿಡಿಸಲಾಗದ ಸಂಕೇತಲಿಪಿಗೆ ತಿರುಗಿಸಿ, ಬಿಡಿಸಿಕೊಡಲು ಹಣ ಕೇಳುತ್ತದೆ. ಇದಕ್ಕೆ ರಾನ್ಸಂವೇರ್ ಎಂದು ಹೆಸರು. ನಾವು ಒತ್ತೆ ವೈರಸ್ ಎನ್ನೋಣ. ವ್ಯಾಪಾರಿಯು ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಕೆಲಸಕ್ಕೆ ಯಂತ್ರದ ಒಡೆತನ ಬೇಕಾಗಿಲ್ಲ. ನಿಮ್ಮ ಗುಮಾಸ್ತನಿಗೆ ಲೆಕ್ಕದ ಕಡತವನ್ನು ತಿದ್ದುವ ಅಧಿಕಾರವಿದ್ದರೆ, ಆತನ ಹೆಸರಿನಲ್ಲಿ ಓಡುವ ಯಾವುದೇ ತಂತ್ರಾಂಶಕ್ಕೂ ಅದೇ ಅಧಿಕಾರವಿರುತ್ತದೆ. ವಿಂಡೋಸ್ ಆದರೂ ಅಷ್ಟೇ, ಲಿನಕ್ಸ್ ಆದರೂ ಅಷ್ಟೇ. ಲಿನಕ್ಸ್‌ನ ಬಿಗಿಯಾದ ಬಾಗಿಲು ಯಂತ್ರವನ್ನು ಕಾಯುತ್ತದೆ. ಗುಮಾಸ್ತನ ಮೇಜಿನ ಮೇಲೆ ತೆರೆದಿಟ್ಟ ಪುಸ್ತಕವನ್ನು ಅದೊಂದೇ ಕಾಯಲಾರದು.

2017ರ ಎರಡು ಘಟನೆಗಳನ್ನು ಇಲ್ಲಿ ಸ್ಮರಿಸಬೇಕು. ಆ ವರ್ಷದ ಮೇ 12ರಂದು ಹರಡಲಾರಂಭಿಸಿದ ವನ್ನಾಕ್ರೈ ಎಂಬ ಒತ್ತೆ ವೈರಸ್ ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಗಣಕಗಳನ್ನು ಹಿಡಿಯಿತು. ಅದು ಬಳಸಿಕೊಂಡ ವಿಂಡೋಸ್‌ನ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತಿದ್ದುಪಡಿಯನ್ನು ಬಿಡುಗಡೆ ಮಾಡಿತ್ತು. ಅಂದರೆ ಮದ್ದು ದೊರೆತು ಸುಮಾರು ಎರಡು ತಿಂಗಳಾದ ಮೇಲೆ ರೋಗ ಬಂದಿತು. ಸಿಕ್ಕಿಬಿದ್ದವರು ಮದ್ದು ಹಾಕಿಸಿಕೊಳ್ಳದವರು, ಬೆಂಬಲ ಮುಗಿದ ಕಾರಣ ಮದ್ದೇ ದೊರೆಯದೆ ಉಳಿದವರು. ಪರಿಸ್ಥಿತಿ ಎಷ್ಟು ಗಂಭೀರವಾಗಿತ್ತೆಂದರೆ, 2014ರಲ್ಲಿಯೇ ಬೆಂಬಲ ನಿಂತಿದ್ದ ಎಕ್ಸ್‌ಪಿಗೂ ಆ ಸಂಸ್ಥೆ ತುರ್ತಾಗಿ ತಿದ್ದುಪಡಿ ಹೊರಡಿಸಬೇಕಾಯಿತು.

ಎರಡನೆಯದು ಅದೇ ವರ್ಷದ ಜೂನ್ 27ರ ನಾಟ್‌ಪೆಟ್ಯಾ. ಲೆಕ್ಕಪತ್ರಗಳೊಡನೆ ವ್ಯವಹರಿಸುವ ನಮ್ಮಂಥವರು ಇದನ್ನು ಮರೆಯಲಾಗದು. ಏಕೆಂದರೆ ಈ ವೈರಸ್ ಹರಡಲು ಆರಂಭಿಸಿದ್ದೇ ಯುಕ್ರೇನ್ ದೇಶದ ವರ್ತಕರು ತೆರಿಗೆ ವಿವರ ಸಲ್ಲಿಸಲು ಬಳಸುತ್ತಿದ್ದ ಲೆಕ್ಕಪತ್ರ ತಂತ್ರಾಂಶವೊಂದರ ಅಪ್‌ಡೇಟ್ ಮೂಲಕ. ಅಲ್ಲಿಂದ ಅದು ಡೆನ್ಮಾರ್ಕಿನ ಹಡಗು ಸಂಸ್ಥೆ ಮೇರ್ಸ್ಕ್ ಅನ್ನು ಹೊಕ್ಕಿತು. ಮುಂಬಯಿಯ ಜವಾಹರಲಾಲ್ ನೆಹರು ಬಂದರಿನಲ್ಲಿ ಆ ಸಮೂಹವು ನಡೆಸುತ್ತಿದ್ದ ಕಂಟೇನರ್ ಟರ್ಮಿನಲ್‌ನ ಕೆಲಸವೂ ಅಸ್ತವ್ಯಸ್ತವಾಯಿತು. ಸಂಸ್ಥೆಯು ತನ್ನ ನಷ್ಟವನ್ನು 20ರಿಂದ 30 ಕೋಟಿ ಡಾಲರ್ ಎಂದು ಅಂದಾಜಿಸಿತು. ಜಾಲದ ಬಳಕೆದಾರರ ಮುಖ್ಯ ದಾಖಲೆ ಇಟ್ಟಿದ್ದ ಸರ್ವರ್‌ಗಳೆಲ್ಲವೂ ಅಳಿಸಿಹೋಗಿದ್ದವು, ಒಂದನ್ನು ಬಿಟ್ಟು. ಆಫ್ರಿಕಾದ ಘಾನಾ ದೇಶದ ಕಚೇರಿಯ ಆ ಸರ್ವರ್ ವಿದ್ಯುತ್ ಕಡಿತದ ಕಾರಣ ಆ ಹೊತ್ತಿಗೆ ಜಾಲದಿಂದ ಹೊರಗಿತ್ತೆಂದು ನಂತರ ವರದಿಯಾಯಿತು. ಕರೆಂಟು ಹೋಗಿದ್ದರಿಂದ ಲಾಭವಾದ ಉದಾಹರಣೆ ನನಗೆ ತಿಳಿದಮಟ್ಟಿಗೆ ಇದೊಂದೇ. ಬ್ಯಾಕಪ್ ಬಗ್ಗೆ ಹೇಳುವಾಗ ಈ ಸರ್ವರ್‌ನ ವಿಷಯ ಮತ್ತೆ ಬರುತ್ತದೆ.

ಹಾಗಾದರೆ ವಿಂಡೋಸ್ ಬಿಟ್ಟವರು ಸುರಕ್ಷಿತರೇ? 2012ರಲ್ಲಿ ಫ್ಲ್ಯಾಶ್‌ಬ್ಯಾಕ್ ಎಂಬ ಕುತಂತ್ರಾಂಶವು 6 ಲಕ್ಷಕ್ಕೂ ಮಿಕ್ಕಿ ಮ್ಯಾಕ್ ಗಣಕಗಳಲ್ಲಿ ಸೇರಿಕೊಂಡಿತು. 2022ರ ಜನವರಿಯಲ್ಲಿ ಕಾಣಿಸಿಕೊಂಡ ಡೆಡ್‌ಬೋಲ್ಟ್ ಗುರಿಯಾಗಿಸಿಕೊಂಡದ್ದು ಕ್ಯೂನ್ಯಾಪ್ ಸಂಸ್ಥೆಯ ಜಾಲ ಸಂಗ್ರಹ ಪೆಟ್ಟಿಗೆಗಳನ್ನು. ಸಣ್ಣ ಕಚೇರಿಗಳು ಬ್ಯಾಕಪ್ ಇಡಲೆಂದು ಕೊಳ್ಳುವ ಈ ಪೆಟ್ಟಿಗೆಗಳ ಒಳಗೆ ಓಡುವುದು ಲಿನಕ್ಸ್ ಆಧಾರಿತ ವ್ಯವಸ್ಥೆಯೇ. ಅಂತರಜಾಲಕ್ಕೆ ನೇರವಾಗಿ ತೆರೆದಿಟ್ಟ ಪೆಟ್ಟಿಗೆಗಳ ಕಡತಗಳು ಒತ್ತೆಯಾಳಾದವು. 2024ರ ಮಾರ್ಚಿಯಲ್ಲಿ ಎಕ್ಸ್‌ಜೆಡ್ ಎಂಬ ಚಿಕ್ಕ ಲಿನಕ್ಸ್ ತಂತ್ರಾಂಶದೊಳಗೆ ಯಾರೋ ವರ್ಷಗಟ್ಟಲೆ ವಿಶ್ವಾಸ ಗಳಿಸಿ ಗುಪ್ತದ್ವಾರವನ್ನಿಟ್ಟಿದ್ದುದು ಬಯಲಾಯಿತು. ಅದು ಮುಖ್ಯ ವಿತರಣೆಗಳ ಸ್ಥಿರ ಆವೃತ್ತಿಗಳನ್ನು ತಲುಪುವ ಮುನ್ನವೇ ಆಂಡ್ರೆಸ್ ಫ್ರಾಯ್ಂಡ್ ಎಂಬ ತಂತ್ರಜ್ಞರು ಪತ್ತೆಹಚ್ಚಿದರು. ಎಲ್ಲರಿಗೂ ತೆರೆದ ತಂತ್ರಾಂಶದಲ್ಲಿ ಕಳ್ಳತನವೂ ಸಾಧ್ಯ, ಕಳ್ಳತನ ಹೊರಬೀಳುವುದೂ ಸಾಧ್ಯ. ಮೇಜಿನ ಮೇಲಿನ ಗಣಕದ ಮಟ್ಟಿಗೆ ಲಿನಕ್ಸ್‌ನ ಅಪಾಯ ವಿಂಡೋಸ್‌ನದಕ್ಕಿಂತ ಕಡಿಮೆ ಎಂದು ಧಾರಾಳವಾಗಿ ಹೇಳಬಹುದು. ಅಪಾಯವೇ ಇಲ್ಲ ಎಂದು ಹೇಳಿ ಮಾರುವವರನ್ನು ನಂಬಬಾರದು.

ನಮ್ಮ ಕಚೇರಿಗಳಿಗೆ ವೈರಸ್ ಬರುವ ದಾರಿ

ವೈರಸ್ ನಮ್ಮ ಮಂಡಿಗಳಿಗೆ, ಕಾರ್ಖಾನೆಗಳಿಗೆ ಬರುವ ದಾರಿಗಳು ಅಷ್ಟೇನೂ ನಿಗೂಢವಲ್ಲ. ಮೊದಲನೆಯದು ಮಾಲೀಕರು ಮನೆಯಿಂದಲೇ ಟ್ಯಾಲಿ ನೋಡಲು ಅನುಕೂಲವಾಗಲೆಂದು ರಿಮೋಟ್ ಡೆಸ್ಕ್‌ಟಾಪ್ ಸೌಲಭ್ಯವನ್ನು ನೇರವಾಗಿ ಅಂತರಜಾಲಕ್ಕೆ ತೆರೆದಿಡುವುದು. ಗುಪ್ತಪದವು ಅಂಗಡಿಯ ಹೆಸರು, ಮುಂದೆ 123. ಜಗತ್ತಿನ ಯಾವುದೋ ಮೂಲೆಯಲ್ಲಿರುವ ಯಂತ್ರವೊಂದು ಹಗಲುರಾತ್ರಿ ಇಂಥ ಬಾಗಿಲುಗಳನ್ನು ತಟ್ಟುತ್ತಲೇ ಇರುತ್ತದೆ. ಎರಡನೆಯದು ಜಿಎಸ್‌ಟಿ ನೋಟಿಸ್, ಆದಾಯ ತೆರಿಗೆ ಮರುಪಾವತಿ, ಪಾರ್ಸೆಲ್ ರಸೀದಿ ಎಂಬ ಹೆಸರಿನಲ್ಲಿ ಬರುವ ಇ-ಮೇಲ್ ಲಗತ್ತು. ನಿಜವಾದ ಜಿಎಸ್‌ಟಿ ನೋಟಿಸನ್ನು ಇಲಾಖೆಯ ಜಾಲತಾಣಕ್ಕೆ ಲಾಗಿನ್ ಆಗಿಯೇ ನೋಡಬಹುದಾದ್ದರಿಂದ ಲಗತ್ತನ್ನು ತೆರೆಯುವ ಅಗತ್ಯವೇ ಇಲ್ಲ. ಪೆನ್ ಡ್ರೈವ್ ಮೂರನೆಯದು.

ನಾಲ್ಕನೆಯದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಾಗಲಿ ನಮ್ಮ ಜಿಲ್ಲಾ ಕೇಂದ್ರಗಳ ಗಣಕದ ಅಂಗಡಿಯಾಗಲಿ, ಬಿಡಿಭಾಗ ಜೋಡಿಸಿ ಮಾಡಿಸಿದ ಗಣಕಕ್ಕೆ ಯಾವ ವ್ಯವಸ್ಥೆಯೂ ಇಲ್ಲದಿದ್ದರೆ ಬೆಲೆ ಕಡಿಮೆ. ನಂತರ ಹುಡುಗನೊಬ್ಬ ಬಂದು ವಿಂಡೋಸ್ ಹಾಕಿಕೊಡುತ್ತಾನೆ. ಅದರ ಪರವಾನಗಿಯ ಬೀಗ ಒಡೆಯಲು ಆತ ಬಳಸುವ ಚಿಕ್ಕ ತಂತ್ರಾಂಶವು ಕೆಲಸ ಮಾಡಬೇಕಾದರೆ ಮೊದಲು ವೈರಸ್ ನಿರೋಧಕವನ್ನು ನಿಲ್ಲಿಸಬೇಕು. ಪೂರ್ಣ ಅಧಿಕಾರವನ್ನೂ ಕೊಡಬೇಕು. ಅಂದರೆ ಕಾವಲುಗಾರನನ್ನು ಮನೆಗೆ ಕಳುಹಿಸಿ, ಅಪರಿಚಿತನ ಕೈಗೆ ಕೀಲಿಕೈ ಕೊಟ್ಟು ವ್ಯವಹಾರ ಪ್ರಾರಂಭಿಸಿದಂತಾಯಿತು. ಅಂಥ ಗಣಕದಲ್ಲಿ ಭದ್ರತಾ ತಿದ್ದುಪಡಿಗಳನ್ನೂ ಅನೇಕ ವೇಳೆ ಉದ್ದೇಶಪೂರ್ವಕವಾಗಿ ನಿಲ್ಲಿಸಲಾಗಿರುತ್ತದೆ. ವಿಂಡೋಸ್ ಅಸುರಕ್ಷಿತ ಎಂದು ದೂರುವವರ ಪೈಕಿ ಹಲವರು ದೂರುತ್ತಿರುವುದು ಈ ಕಳ್ಳ ಪ್ರತಿಯನ್ನು.

ಕಾನೂನಿನ ಮಾತನ್ನೂ ಹೇಳಿಬಿಡುವುದು ಲೇಸು. 1957ರ ಕೃತಿಸ್ವಾಮ್ಯ ಅಧಿನಿಯಮದ 63ಬಿ ಪ್ರಕರಣದಂತೆ ತಂತ್ರಾಂಶದ ಅಕ್ರಮ ಪ್ರತಿಯನ್ನು ತಿಳಿದೂ ಬಳಸುವುದಕ್ಕೆ 7 ದಿನಗಳಿಂದ 3 ವರ್ಷಗಳವರೆಗೆ ಕಾರಾಗೃಹ ಶಿಕ್ಷೆ ಮತ್ತು 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ವಾಣಿಜ್ಯ ಲಾಭಕ್ಕಲ್ಲದ ಬಳಕೆಗೆ ಮಾತ್ರ ವಿನಾಯಿತಿಯ ಅವಕಾಶವಿದೆ. ಅಂಗಡಿಯಲ್ಲಿ ಬಿಲ್ಲು ಬರೆಯುವ ಗಣಕಕ್ಕೆ ಆ ವಿನಾಯಿತಿ ಕೇಳುವಂತಿಲ್ಲ.

ಲೆಕ್ಕ ಕಳೆದುಕೊಂಡಾಗ ಏನಾಗುತ್ತದೆ

ಸಗಟು ವ್ಯಾಪಾರ ಮಾಡುವ ನನ್ನ ಕಕ್ಷಿದಾರರೊಬ್ಬರಿಗೆ ಕೆಲವು ವರ್ಷಗಳ ಹಿಂದೆ ಒತ್ತೆ ವೈರಸ್ಸಿನ ಹೊಡೆತ ಬಿದ್ದಿತು. ಅವರ ಬ್ಯಾಕಪ್ ಇತ್ತು, ಅದೇ ಗಣಕದ ಡಿ ಡ್ರೈವ್‌ನಲ್ಲಿ! ಅದೂ ಹೋಯಿತು. ಪುಸ್ತಕಗಳನ್ನು ಮತ್ತೆ ಕಟ್ಟಲು ಕುಳಿತಾಗ ತಿಳಿದ ವಿಷಯವನ್ನು ಇಲ್ಲಿ ಹಂಚಿಕೊಳ್ಳುವುದು ಉಪಯುಕ್ತ.

ಮಾರಾಟದ ವಿವರವನ್ನು ಸಲ್ಲಿಸಿದ ಜಿಎಸ್‌ಟಿಆರ್-1ರಿಂದ, ಇ-ಇನ್‌ವಾಯ್ಸ್ ಮತ್ತು ಇ-ವೇ ಬಿಲ್ ತಾಣಗಳಿಂದ ಬಹುಮಟ್ಟಿಗೆ ಮರಳಿ ಪಡೆಯಬಹುದು. ನೋಂದಾಯಿತರಿಂದ ಮಾಡಿದ ಖರೀದಿ ಜಿಎಸ್‌ಟಿಆರ್-2ಬಿಯಲ್ಲಿ ಸಿಗುತ್ತದೆ. ಬ್ಯಾಂಕು ತನ್ನ ಖಾತೆಯ ವಿವರಪಟ್ಟಿ ಕೊಡುತ್ತದೆ. ಇಷ್ಟಕ್ಕೆ ಸರ್ಕಾರದ ತಾಣಗಳಿಗೆ ಧನ್ಯವಾದ ಹೇಳಬೇಕು. ಆದರೆ ನಗದು ಪುಸ್ತಕ ಎಲ್ಲಿಂದ ಬರಬೇಕು? ಚಿಲ್ಲರೆ ಗ್ರಾಹಕರಿಗೆ ಮಾಡಿದ ಮಾರಾಟವು ವಿವರಪಟ್ಟಿಯಲ್ಲಿ ಒಟ್ಟು ಮೊತ್ತವಾಗಿ ಇರುತ್ತದೆಯೇ ಹೊರತು ಬಿಲ್ಲುವಾರು ಇರುವುದಿಲ್ಲ. ದಾಸ್ತಾನಿನ ಲೆಕ್ಕ, ಕೂಲಿಯ ಮುಂಗಡ, ಇವು ಯಾವ ತಾಣದಲ್ಲಿಯೂ ಇಲ್ಲ. ಎಲ್ಲಕ್ಕಿಂತ ದೊಡ್ಡ ನಷ್ಟ ಉದ್ರಿಯದು. ಯಾರಿಂದ ಎಷ್ಟು ಬರಬೇಕೆಂಬುದನ್ನು ಗ್ರಾಹಕರ ಬಾಯಿಂದಲೇ ಕೇಳಬೇಕಾದ ಸ್ಥಿತಿ ಬಂದಿತು. ಕೊಡಬೇಕಾದವರಿಗಿಂತ ಬರಬೇಕಾದವರ ನೆನಪು ಚುರುಕಾಗಿರುವುದು ಲೋಕದ ರೂಢಿ. ಇಬ್ಬರು ಗುಮಾಸ್ತರು ಮೂರು ತಿಂಗಳು ದುಡಿದ ಮೇಲೂ ಕೆಲವು ಖಾತೆಗಳು ತಾಳೆಯಾಗಲಿಲ್ಲ.

ಕಾನೂನು ಇದನ್ನು ದುರದೃಷ್ಟವೆಂದು ಬಿಟ್ಟುಬಿಡುವುದಿಲ್ಲ. ಜಿಎಸ್‌ಟಿ ಕಾಯಿದೆಯ 36ನೇ ಪ್ರಕರಣದಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿಯ ಅಂತಿಮ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಕಂಪನಿಗಳಿಗೆ 2013ರ ಕಂಪನಿ ಕಾಯಿದೆಯ 128ನೇ ಪ್ರಕರಣದಂತೆ ಈ ಅವಧಿ 8 ಆರ್ಥಿಕ ವರ್ಷಗಳು. ಅಲ್ಲದೆ 2022ರ ಆಗಸ್ಟ್‌ನ ತಿದ್ದುಪಡಿಯ ಮೇರೆಗೆ ಕಂಪನಿಗಳು ಲೆಕ್ಕಗಳ ಬ್ಯಾಕಪ್ಪನ್ನು ಭಾರತದೊಳಗಿನ ಸರ್ವರ್‌ನಲ್ಲಿ ಪ್ರತಿದಿನವೂ ಇಡತಕ್ಕದ್ದು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕಪತ್ರ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯ ಜಾಡನ್ನೂ ದಾಖಲಿಸಬೇಕು, ಆ ದಾಖಲೆಯನ್ನು ನಿಲ್ಲಿಸಲು ಸಾಧ್ಯವಾಗಬಾರದು. ಕಳೆದುಹೋದ ಲೆಕ್ಕವನ್ನು ಮರಳಿ ಬರೆದುಕೊಂಡರೂ ಈ ಜಾಡು ಮರಳಿ ಬರುವುದಿಲ್ಲ. ಲೆಕ್ಕಪರಿಶೋಧಕನು ತನ್ನ ವರದಿಯಲ್ಲಿ ಅದನ್ನು ಹೇಳಲೇಬೇಕಾಗುತ್ತದೆ.

ವಿಶ್ವಾಸಾರ್ಹತೆ

ಹಿಂದೊಮ್ಮೆ ನೀಲಿ ಪರದೆ ತೋರಿಸಿ ನಿಂತುಬಿಡುವುದೇ ವಿಂಡೋಸ್‌ನ ಕುಖ್ಯಾತಿಯಾಗಿತ್ತು. ಈಗಿನ ಆವೃತ್ತಿಗಳಲ್ಲಿ ಅದು ಬಹಳ ಕಡಿಮೆ. ಹಾಗೆ ನಿಂತಾಗ ಕಾರಣ ಹೆಚ್ಚಾಗಿ ಕಳಪೆ ಮೆಮೊರಿ, ಹಳೆಯ ಡಿಸ್ಕ್ ಅಥವಾ ಯಾವುದೋ ಉಪಕರಣದ ಚಾಲಕ ತಂತ್ರಾಂಶ. 2024ರ ಜುಲೈ 19ರಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ಏಕಕಾಲಕ್ಕೆ ಕೆಟ್ಟು ನಿಂತು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟದ್ದು ಓದುಗರಿಗೆ ನೆನಪಿರಬಹುದು. ಅದಕ್ಕೆ ವೈರಸ್ ಕಾರಣವಲ್ಲ. ವೈರಸ್ಸಿನಿಂದ ಕಾಪಾಡಲೆಂದು ಹಾಕಿದ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ದೋಷಪೂರಿತ ಅಪ್‌ಡೇಟ್ ಕಾರಣ. ಆದ್ದರಿಂದ ಒಂದರ ಮೇಲೊಂದು ಎರಡು ಮೂರು ವೈರಸ್ ನಿರೋಧಕಗಳನ್ನು ಹೇರುವುದರಲ್ಲಿ ಜಾಣತನವಿಲ್ಲ. ವಿಂಡೋಸ್‌ನೊಂದಿಗೇ ಬರುವ ಡಿಫೆಂಡರ್, ತಿದ್ದುಪಡಿಗಳು ಸಕಾಲದಲ್ಲಿ ಬರುತ್ತಿದ್ದರೆ, ಸಣ್ಣ ಕಚೇರಿಗೆ ಸಾಕೆಂಬುದು ನನ್ನ ಅಭಿಪ್ರಾಯ. ಇದನ್ನು ಒಪ್ಪದವರೂ ಇದ್ದಾರೆ.

ಲಿನಕ್ಸ್ ತಿಂಗಳುಗಟ್ಟಲೆ ನಿಲ್ಲದೆ ಓಡಬಲ್ಲುದು, ಜಗತ್ತಿನ ಸರ್ವರ್‌ಗಳಲ್ಲಿ ಅದರ ಪ್ರಾಬಲ್ಯಕ್ಕೆ ಇದೂ ಒಂದು ಕಾರಣ. ಆದರೆ ವ್ಯಾಪಾರಿಗೆ ವಿಶ್ವಾಸಾರ್ಹತೆ ಎಂದರೆ ತನ್ನ ಪ್ರಿಂಟರ್, ಬಾರ್‌ಕೋಡ್ ಯಂತ್ರ, ತೂಕದ ಯಂತ್ರ, ಹಾಜರಾತಿಯ ಬೆರಳಚ್ಚು ಯಂತ್ರ ಇವೆಲ್ಲ ಮಾತು ಕೇಳುವುದು. ಇವುಗಳನ್ನು ಮಾರುವವರು ಹೆಚ್ಚಾಗಿ ವಿಂಡೋಸ್‌ಗೆ ಮಾತ್ರ ಚಾಲಕ ತಂತ್ರಾಂಶ ಕೊಡುತ್ತಾರೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗಳು ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ನಡೆಯುತ್ತವೆ. ಲೇಬಲ್ ಪ್ರಿಂಟರ್‌ಗಳ ಬಗ್ಗೆ ಮೊದಲೇ ಪರೀಕ್ಷಿಸಿ ನೋಡಬೇಕು. ಕಂಪನಿ ವ್ಯವಹಾರಗಳಿಗೆ ಬೇಕಾದ ಡಿಜಿಟಲ್ ಸಹಿಯ ಟೋಕನ್‌ನದೂ ಇದೇ ಕಥೆ. ಒಟಿಪಿ ಮೂಲಕ ದೃಢೀಕರಿಸುವವರಿಗೆ ಯಾವ ವ್ಯವಸ್ಥೆಯಾದರೂ ಒಂದೇ. ಟೋಕನ್ ಬಳಸುವವರು ಅದನ್ನು ಮಾರಿದವರಿಂದ ಖಚಿತಪಡಿಸಿಕೊಂಡ ನಂತರವೇ ಲಿನಕ್ಸ್‌ನ ಯೋಚನೆ ಮಾಡಬೇಕು.

ಸಣ್ಣ ಉದ್ದಿಮೆದಾರರ ವಿಶೇಷ ಸಮಸ್ಯೆಯೊಂದನ್ನು ಇಲ್ಲಿಯೇ ಹೇಳಬೇಕು. ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಹಲವು ಲಕ್ಷ ಬೆಲೆಯ ಸಿಎನ್‌ಸಿ ಯಂತ್ರ ಅಥವಾ ಅಳತೆ ಯಂತ್ರದ ಜೊತೆ ಬಂದ ಗಣಕದಲ್ಲಿ ಎಕ್ಸ್‌ಪಿಯೋ ವಿಂಡೋಸ್ 7ಓ ಓಡುತ್ತಿರುವುದು ಅಪರೂಪವಲ್ಲ. ಅದನ್ನು ಬದಲಿಸಿದರೆ ಯಂತ್ರವೇ ನಿಂತೀತು. ಅಂಥ ಗಣಕವನ್ನು ಬದಲಿಸುವ ಸಾಹಸ ಬೇಡ. ಕಚೇರಿಯ ಜಾಲದಿಂದಲೂ ಅಂತರಜಾಲದಿಂದಲೂ ಅದನ್ನು ಬೇರ್ಪಡಿಸಿದರೆ ಸಾಕು. ಅದಕ್ಕೆ ವಿನ್ಯಾಸದ ಕಡತ ಕೊಡಲು ಒಂದೇ ಪೆನ್ ಡ್ರೈವ್ ಮೀಸಲಿರಲಿ, ಮೊದಲು ತಿದ್ದುಪಡಿಗೊಂಡ ಗಣಕದಲ್ಲಿ ಅದರ ಪರೀಕ್ಷೆ ಆಗಲಿ.

ವೆಚ್ಚದ ಲೆಕ್ಕ

ಉಚಿತ ಎಂಬ ಶಬ್ದ ಕಿವಿಗೆ ಬಿದ್ದೊಡನೆ ವೆಚ್ಚದ ಲೆಕ್ಕ ಮುಗಿಯಿತೆಂದು ತಿಳಿಯಬಾರದು. ಮೊದಲು ವಿಂಡೋಸ್ ಕಡೆ ನೋಡೋಣ. ಹೊಸ ಗಣಕದೊಡನೆ ಬರುವ ಪರವಾನಗಿ ಆ ಯಂತ್ರಕ್ಕೇ ಅಂಟಿಕೊಂಡಿರುತ್ತದೆ, ಯಂತ್ರ ಹೋದರೆ ಅದೂ ಹೋಯಿತು. ಪ್ರತ್ಯೇಕವಾಗಿ ಕೊಂಡ ಚಿಲ್ಲರೆ ಪರವಾನಗಿಯನ್ನು ಇನ್ನೊಂದು ಯಂತ್ರಕ್ಕೆ ವರ್ಗಾಯಿಸಬಹುದು. ಅಂತರಜಾಲದಲ್ಲಿ ಕೆಲವು ನೂರು ರೂಪಾಯಿಗೆ ಮಾರುವ ಕೀಲಿ ಸಂಖ್ಯೆಗಳು ಪರವಾನಗಿಯಲ್ಲ. ಪರವಾನಗಿಗೆ ಒಂದಕ್ಕೆ 10 ಸಾವಿರ ರೂಪಾಯಿ ಎಂದೇ ಹಿಡಿಯೋಣ, ಗಣಕದ ಆಯುಸ್ಸು 5 ವರ್ಷ. ದಿನಕ್ಕೆ ಐದೂವರೆ ರೂಪಾಯಿ ಆಯಿತು. ಅಂಗಡಿಗೆ ಬಂದ ಗಿರಾಕಿಗೆ ತರಿಸುವ ಒಂದು ಕಪ್ ಚಹಾಕ್ಕೂ ಇಂದು ಇದಕ್ಕಿಂತ ಹೆಚ್ಚು ಬೇಕು. ಜಿಎಸ್‌ಟಿ ಸಂಖ್ಯೆ ನಮೂದಿಸಿದ ಬಿಲ್ಲು ಪಡೆದರೆ ಅದರ ಮೇಲಿನ ಶೇ. 18 ತೆರಿಗೆಯು ಹೂಡುವಳಿ ಜಮೆಯಾಗಿ ಮರಳುತ್ತದೆ. ರಾಜಿ ತೆರಿಗೆಯವರಿಗೆ ಮಾತ್ರ ಈ ಅನುಕೂಲವಿಲ್ಲ. ಕಳ್ಳ ಪ್ರತಿಗೆ ಬಿಲ್ಲೂ ಇಲ್ಲ, ಜಮೆಯೂ ಇಲ್ಲ.

ವಿಂಡೋಸ್ 11ರ ತೊಡಕು ಬೇರೆ. ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಇಂಟೆಲ್‌ನ 8ನೇ ಪೀಳಿಗೆ ಅಥವಾ ಅದಕ್ಕೆ ಸಮನಾದ ಪ್ರೊಸೆಸರ್ ಕೇಳುತ್ತದೆ. ಸುಮಾರು 2017ಕ್ಕಿಂತ ಹಿಂದಿನ ಗಣಕಗಳು ಇದರಿಂದ ಹೊರಗುಳಿಯುತ್ತವೆ. ವಿಂಡೋಸ್ 10ನ್ನೇ ಮುಂದುವರಿಸುವ ಸಂಸ್ಥೆಗಳಿಗೆ ಮೂರು ವರ್ಷಗಳವರೆಗೆ ಹಣ ಕೊಟ್ಟು ಭದ್ರತಾ ತಿದ್ದುಪಡಿ ಪಡೆಯುವ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು. ಮೊದಲ ವರ್ಷಕ್ಕೆ ಯಂತ್ರವೊಂದಕ್ಕೆ 61 ಡಾಲರ್, ನಂತರ ಪ್ರತಿ ವರ್ಷ ದುಪ್ಪಟ್ಟು. ಮೂರು ವರ್ಷಕ್ಕೆ ಒಟ್ಟು 427 ಡಾಲರ್. ಆ ಹಣಕ್ಕೆ ಹೊಸ ಗಣಕವೇ ಬರುತ್ತದೆಯಾದ್ದರಿಂದ ಹಳೆಯ ಯಂತ್ರಕ್ಕೆ ಇಷ್ಟು ಸುರಿಯುವುದು ವ್ಯವಹಾರವಲ್ಲ.

ಲಿನಕ್ಸ್‌ಗೆ ಪರವಾನಗಿ ಶುಲ್ಕವಿಲ್ಲ. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ 5 ವರ್ಷ ಉಚಿತ ತಿದ್ದುಪಡಿ ದೊರೆಯುತ್ತದೆ. 2024ರ ಏಪ್ರಿಲ್‌ನ ಆವೃತ್ತಿಗೆ ಇದು 2029ರವರೆಗೆ. ಅದರ ಮೇಲೆಯೇ ಕಟ್ಟಿದ ಲಿನಕ್ಸ್ ಮಿಂಟ್ ವಿಂಡೋಸ್ ಬಳಸಿದವರ ಕಣ್ಣಿಗೆ ಹೆಚ್ಚು ಪರಿಚಿತವಾಗಿ ಕಾಣುತ್ತದೆ. ವಿಂಡೋಸ್ 11 ಒಲ್ಲೆನೆಂದ ಗಣಕದ ಮೇಲೆ ಇವು ಹಗುರಾಗಿ ಓಡುತ್ತವೆ. ಖರ್ಚು ಬರುವುದು ಬೇರೆ ಕಡೆಯಿಂದ. ಲಿನಕ್ಸ್ ಬಲ್ಲ ದುರಸ್ತಿಗಾರನು ತಾಲ್ಲೂಕು ಕೇಂದ್ರದಲ್ಲಿ ಸಿಗುವುದು ಕಷ್ಟ. ಗುಮಾಸ್ತನಿಗೆ ಒಂದೆರಡು ವಾರ ಕಲಿಕೆ ಬೇಕು. ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬರೆದಿಟ್ಟ ಪತ್ರಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಹೊಸದಾಗಿ ಬೆರಳಚ್ಚಿಸಲು ಮಾತ್ರ ತೊಂದರೆಯಿಲ್ಲ, ಕೆಜಿಪಿ ಕೀಲಿಮಣೆ ವಿನ್ಯಾಸವು ಲಿನಕ್ಸ್‌ನಲ್ಲಿಯೂ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಬೆಂಗಳೂರಿನಲ್ಲಿಯೇ ಹುಟ್ಟಿದ ಟ್ಯಾಲಿ ವಿಂಡೋಸ್‌ಗಾಗಿ ಸಿದ್ಧವಾದ ತಂತ್ರಾಂಶ. ಅದನ್ನು ಲಿನಕ್ಸ್‌ನಲ್ಲಿ ಅಡ್ಡದಾರಿಯಿಂದ ಓಡಿಸುವ ಉಪಾಯಗಳುಂಟು, ಆದರೆ ಮಾರ್ಚ್ 31ರ ರಾತ್ರಿ ಅದು ಕೈಕೊಟ್ಟರೆ ಕೇಳುವವರಿರುವುದಿಲ್ಲ. ಅಂತರಜಾಲ ವೀಕ್ಷಕದಲ್ಲಿಯೇ ನಡೆಯುವ ಲೆಕ್ಕಪತ್ರ ತಂತ್ರಾಂಶ ಬಳಸುವವರಿಗೆ, ಉದಾಹರಣೆಗೆ ಭಾರತದಲ್ಲಿಯೇ ರೂಪುಗೊಂಡ ಮುಕ್ತ ತಂತ್ರಾಂಶ ಇಆರ್‌ಪಿ-ನೆಕ್ಸ್ಟ್ ಬಳಸುವವರಿಗೆ, ಈ ಅಡ್ಡಿ ಇಲ್ಲ.

ಕೇರಳದ ಸರ್ಕಾರಿ ಶಾಲೆಗಳ ಗಣಕಗಳು ಬಹುಕಾಲದಿಂದ ಲಿನಕ್ಸ್ ಮೇಲೆ ಚೆನ್ನಾಗಿ ನಡೆದಿವೆ. ಜರ್ಮನಿಯ ಮ್ಯೂನಿಕ್ ನಗರಾಡಳಿತವು 2013ರ ವೇಳೆಗೆ ಸುಮಾರು 15 ಸಾವಿರ ಗಣಕಗಳನ್ನು ಲಿನಕ್ಸ್‌ಗೆ ಬದಲಿಸಿ, 2017ರಲ್ಲಿ ಮತ್ತೆ ವಿಂಡೋಸ್‌ಗೆ ಮರಳಲು ನಿರ್ಧರಿಸಿತು. ಹೊರಗಿನವರೊಡನೆ ಕಡತ ವಿನಿಮಯದಲ್ಲಿ ಆಗುತ್ತಿದ್ದ ತೊಂದರೆಯೂ ಅದರ ಕಾರಣಗಳಲ್ಲಿ ಸೇರಿತ್ತು. ಶಾಲೆ ತನ್ನ ಪಾಠವನ್ನು ತಾನೇ ನಿರ್ಧರಿಸುತ್ತದೆ. ವರ್ತಕನು ಇತರರು ಕಳುಹಿಸಿದ್ದನ್ನು ತೆರೆಯಲೇಬೇಕು.

ಮ್ಯಾಕ್ ಭದ್ರ ಹಾಗೂ ಸ್ಥಿರ, ಆದರೆ ದುಬಾರಿ. ಟ್ಯಾಲಿ ಅದರಲ್ಲಿ ನೇರವಾಗಿ ನಡೆಯುವುದಿಲ್ಲ. ವಿನ್ಯಾಸ, ಮುದ್ರಣ, ಜಾಹೀರಾತು ವೃತ್ತಿಯವರ ಹೊರತು ನಮ್ಮ ಸದಸ್ಯರಿಗೆ ಅದನ್ನು ಶಿಫಾರಸು ಮಾಡಲಾರೆ. ಕ್ರೋಮ್ ಓಎಸ್ ವಿಂಡೋಸ್ ತಂತ್ರಾಂಶಗಳನ್ನು ತೆರೆಯುವುದೇ ಇಲ್ಲ. ಆ ಕಾರಣಕ್ಕೇ ವಿಂಡೋಸ್ ವೈರಸ್ಸೂ ಅದರಲ್ಲಿ ಓಡದು. ಬರೀ ಜಾಲತಾಣ ನೋಡುವ ಮೇಜಿಗೆ ಅದು ಸಾಕು.

ಹೀಗಿರುವಾಗ ಇಡೀ ಕಚೇರಿಗೆ ಒಂದೇ ವ್ಯವಸ್ಥೆ ಇರಲೇಬೇಕೆಂಬ ಹಟ ಏಕೆ? ಐದು ಗಣಕಗಳ ಕಚೇರಿಯಾದರೆ ಲೆಕ್ಕ ಬರೆಯುವ ಎರಡಕ್ಕೆ ಪರವಾನಗಿಯುಳ್ಳ ವಿಂಡೋಸ್ 11 ಇರಲಿ. ಆ ಎರಡರಲ್ಲಿ ಇ-ಮೇಲ್ ತೆರೆಯುವುದು, ಸಿನಿಮಾ ನೋಡುವುದು ಬೇಡ, ಗುಮಾಸ್ತನಿಗೆ ಮೇಲ್ವಿಚಾರಕನ ಅಧಿಕಾರವೂ ಬೇಡ. ಪತ್ರವ್ಯವಹಾರ, ದರಪಟ್ಟಿ, ಅಂತರಜಾಲದ ಕೆಲಸಕ್ಕೆ ಬಳಸುವ ಉಳಿದ ಮೂರು ಹಳೆಯ ಗಣಕಗಳಿಗೆ ಲಿನಕ್ಸ್ ಹಾಕಿಸಬಹುದು. ಕೆಟ್ಟ ಲಗತ್ತು ಬಂದು ಬೀಳುವುದು ಈ ಮೂರರ ಮೇಲೆಯೇ. ಅಲ್ಲಿ ಅದಕ್ಕೆ ಓಡಲು ಅವಕಾಶ ಕಡಿಮೆ, ಓಡಿದರೂ ಮುಟ್ಟಲು ಲೆಕ್ಕದ ಪುಸ್ತಕ ಇರುವುದಿಲ್ಲ. ಮೂರು ಪರವಾನಗಿಯ ಹಣ ಉಳಿಯಿತು, ಮೂರು ಯಂತ್ರಗಳ ಆಯುಸ್ಸೂ ಬೆಳೆಯಿತು.

ಆ ಉಳಿದ ಹಣದಲ್ಲಿ ಎರಡು ಹೊರ ಡಿಸ್ಕ್ ಕೊಳ್ಳಬೇಕು. ಘಾನಾದ ಆ ಸರ್ವರ್ ಉಳಿದದ್ದು ತಂತಿ ಕಡಿದಿದ್ದರಿಂದ. ಗಣಕಕ್ಕೆ ಸದಾ ಜೋಡಿಸಿಟ್ಟ ಡಿಸ್ಕ್ ಬ್ಯಾಕಪ್ ಅಲ್ಲ, ವೈರಸ್ ಅದನ್ನೂ ನುಂಗುತ್ತದೆ. ಸಂಜೆ ಗಲ್ಲಾ ಎಣಿಸಿದ ಮೇಲೆ ಒಂದು ಡಿಸ್ಕಿಗೆ ನಕಲು ತೆಗೆದು, ತಂತಿ ಬಿಚ್ಚಿ ತಿಜೋರಿಯಲ್ಲಿಡಿ. ಮರುದಿನ ಇನ್ನೊಂದು ಡಿಸ್ಕ್. ವಾರಕ್ಕೊಮ್ಮೆ ಒಂದು ಪ್ರತಿ ಮನೆಗೆ ಹೋಗಲಿ. ಕಂಪನಿಗಳು ಮೇಲೆ ಹೇಳಿದ ಸರ್ವರ್ ಪ್ರತಿಯನ್ನು ಇದರ ಜೊತೆಗೆ ಇಡಬೇಕು. ಮೂರು ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೆ ಗಣಕದಲ್ಲಿ ತೆರೆದು ತೇರೀಜು ತಾಳೆ ನೋಡಬೇಕು. ತೆರೆಯದೆ ಇಟ್ಟ ಬ್ಯಾಕಪ್ ಇದ್ದೂ ಇಲ್ಲದಂತೆ.

ಇಷ್ಟಾಗಿಯೂ ವೈರಸ್ ಬಂದರೆ ಮೊದಲು ಜಾಲದ ತಂತಿ ಕಿತ್ತು, ವೈ-ಫೈ ಆರಿಸಿ. ಗಾಬರಿಯಿಂದ ಡಿಸ್ಕನ್ನು ಅಳಿಸಿ ಫಾರ್ಮ್ಯಾಟ್ ಮಾಡಿಸಬೇಡಿ. ಕೆಲವು ಒತ್ತೆ ವೈರಸ್ಸುಗಳ ಕೀಲಿ ನಂತರ ಉಚಿತವಾಗಿ ದೊರೆತದ್ದುಂಟು, ವಿಮೆ ಮಾಡಿಸಿದ್ದರೆ ಸಾಕ್ಷ್ಯವೂ ಬೇಕಾಗುತ್ತದೆ. ಹಣ ಕಟ್ಟಿದರೂ ಕಡತ ಮರಳುವ ಭರವಸೆಯಿಲ್ಲ. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಿ, ದೂರಿನ ಪ್ರತಿಯನ್ನು ಇಟ್ಟುಕೊಳ್ಳಿ. ತೆರಿಗೆ ಅಧಿಕಾರಿಗಳ ಮುಂದೆ ಆ ದಿನಾಂಕದ ಕಾಗದಕ್ಕೆ ಬೆಲೆಯುಂಟು. ಸಂಸ್ಥೆಗಳು ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ಕೇಂದ್ರ ಸರ್ಕಾರದ ಸರ್ಟ್-ಇನ್‌ಗೆ ವರದಿ ಮಾಡಬೇಕೆಂಬುದು 2022ರ ಏಪ್ರಿಲ್ 28ರ ನಿರ್ದೇಶನ. ಆ ಆರು ಗಂಟೆಗಳೊಳಗೆ ನಿಮ್ಮ ಲೆಕ್ಕಪರಿಶೋಧಕರಿಗೂ ಒಂದು ದೂರವಾಣಿ ಕರೆ ಮಾಡಿ. ಯಾವ ವಿವರಪಟ್ಟಿಯ ಗಡುವು ಮುಂದಿದೆ, ತಾಣಗಳಿಂದ ಯಾವ ದಾಖಲೆಗಳನ್ನು ಮೊದಲು ಇಳಿಸಿಕೊಳ್ಳಬೇಕು ಎಂಬುದನ್ನು ಅವರು ಹೇಳಬಲ್ಲರು.